ಸಾಕೇ, ಸಾಲದೇ?

ಒಂದು ಲೆಕ್ಕ ಹೇಳುತ್ತೇನೆ. ದಯವಿಟ್ಟು ಬಿಡಿಸಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ.

ಬೊಮ್ಮನಹಳ್ಳಿಯಲ್ಲಿ ಬೇಗೂರು ರಸ್ತೆಯ ಮೇಲೆ ಒಬ್ಬ ಟೈಲರ್ ಇದ್ದಾರೆ ಎಂದಿಟ್ಟುಕೊಳ್ಳಿ. ಎರಡು ಅಂಗಿ, ಮೂರು ಪ್ಯಾಂಟ್ ಹೊಲಿಯುವುದಕ್ಕೆ ಅವರು 2,300 ರೂಪಾಯಿ ತೆಗೆದುಕೊಳ್ಳುತ್ತಾರೆ. ಇದು ಮೊದಲನೆಯ ಹೇಳಿಕೆ. ನಾಲ್ಕು ಅಂಗಿ, ಆರು ಪ್ಯಾಂಟ್‌ಗೆ 4,600 ರೂಪಾಯಿ. ಇದು ಎರಡನೆಯದು. ಚೌಕಾಸಿಯೂ ಇಲ್ಲ, ಹೆಚ್ಚು ಬಟ್ಟೆ ಕೊಟ್ಟರೆ ರಿಯಾಯಿತಿಯೂ ಇಲ್ಲ. ಈಗ ಪ್ರಶ್ನೆ: ಒಂದು ಅಂಗಿಯ ಹೊಲಿಗೆಗೆ ಎಷ್ಟು ಎಂದು ಹೇಳಲು ಇಷ್ಟು ಮಾಹಿತಿ ಸಾಕೇ, ಸಾಲದೇ?

ಎಷ್ಟು ಎಂದು ನಾನು ಕೇಳುತ್ತಿಲ್ಲ, ಗಮನಿಸಿ. ಸಾಕೇ ಎಂದಷ್ಟೇ ಕೇಳುತ್ತಿದ್ದೇನೆ.

ಹತ್ತನೆಯ ತರಗತಿಯಲ್ಲಿ ಏಕಕಾಲಿಕ ಸಮೀಕರಣ ಕಲಿತವರ ಕೈ ಆಗಲೇ ಪೆನ್ನಿನ ಕಡೆಗೆ ಹೋಗಿರುತ್ತದೆ. ಗೊತ್ತಿಲ್ಲದವು ಎರಡು, ಸಮೀಕರಣಗಳೂ ಎರಡು, ಅಂದಮೇಲೆ ಉತ್ತರ ಬಂದೇ ಬರುತ್ತದೆ ಎಂಬ ಧೈರ್ಯ. ಆದರೆ ಎರಡನೆಯ ಹೇಳಿಕೆ ಮೊದಲನೆಯದರ ದುಪ್ಪಟ್ಟು ಅಷ್ಟೆ. ಬಾಯಿ ಎರಡು, ಮಾತು ಒಂದೇ. ಅಂಗಿಗೆ 400, ಪ್ಯಾಂಟ್‌ಗೆ 500 ಇರಬಹುದು. ಅಂಗಿಗೆ 550, ಪ್ಯಾಂಟ್‌ಗೆ 400 ಕೂಡ ಇರಬಹುದು. ಎರಡೂ ಹೇಳಿಕೆ ಸೇರಿದರೂ ಸಾಲದು.

ಇನ್ನು ಪ್ರಶ್ನೆಯನ್ನು ಮಾತ್ರ ಬದಲಾಯಿಸುತ್ತೇನೆ, ಮಾಹಿತಿ ಅದೇ. ಆರು ಅಂಗಿ, ಒಂಬತ್ತು ಪ್ಯಾಂಟ್ ಹೊಲಿಸಿದರೆ ಒಟ್ಟು ಎಷ್ಟಾಗುತ್ತದೆ? ಈಗ ಮೊದಲನೆಯ ಹೇಳಿಕೆ ಒಂದೇ ಸಾಕು, ಅದರ ಮೂರರಷ್ಟು. ಎರಡನೆಯದೂ ಒಂದೇ ಸಾಕು, ಅದರ ಒಂದೂವರೆಯಷ್ಟು. ಒಂದು ಅಂಗಿಯ ದರ ಇವತ್ತಿಗೂ ನಮಗೆ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಬೀಳಲಿಲ್ಲ. ಮಾಹಿತಿ ಸಾಲುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮಾಹಿತಿಯಲ್ಲ, ಪ್ರಶ್ನೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ. ಉಳಿದದ್ದೆಲ್ಲ ಇದರ ಉದಾಹರಣೆಗಳು.

ಈ ಬಗೆಯ ಲೆಕ್ಕಕ್ಕೆ ಪರೀಕ್ಷೆಯ ಮಂದಿ ಇಟ್ಟಿರುವ ಹೆಸರು ಡೇಟಾ ಸಫಿಷಿಯೆನ್ಸಿ. ನಮ್ಮ ಬ್ಯಾಂಕ್ ಪರೀಕ್ಷೆಗಳಲ್ಲೂ ಇದು ಬರುತ್ತದೆ. ಆದರೆ ಇದಕ್ಕೆ ಹೆಚ್ಚು ಹೆಸರಾದದ್ದು ಜಿಮ್ಯಾಟ್ ಎನ್ನುವ ಪರೀಕ್ಷೆ. 1954ರಲ್ಲಿ ಅಮೆರಿಕದ ಬಿಸಿನೆಸ್ ಸ್ಕೂಲುಗಳ ಪ್ರವೇಶಕ್ಕಾಗಿ ಬೇರೆ ಹೆಸರಿನಲ್ಲಿ ಶುರುವಾಗಿ, 1976ರಲ್ಲಿ ಈಗಿನ ಹೆಸರು ಪಡೆಯಿತು. ಎಂಬಿಎ ಮಾಡಲು ಹೊರದೇಶಕ್ಕೆ ಹೊರಟವರು ಇದನ್ನು ಬರೆಯುತ್ತಾರೆ. ದೂರ ಹೋಗದವರಿಗೂ ಇದು ಬೇಕಾಗುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿ, ಬಿಳೇಕಹಳ್ಳಿಯ ಬಳಿ, ಬಾಲಕೃಷ್ಣ ದೋಶಿಯವರು ವಿನ್ಯಾಸ ಮಾಡಿದ ಕಲ್ಲಿನ ಕಟ್ಟಡಗಳಲ್ಲಿ ನಡೆಯುತ್ತಿರುವ ಐಐಎಂ ಇದೆಯಲ್ಲ, 1973ರಲ್ಲಿ ಹುಟ್ಟಿದ್ದು, ಅಲ್ಲಿ ಕೆಲಸದ ಅನುಭವ ಇರುವವರಿಗಾಗಿ ಇರುವ ಒಂದು ವರ್ಷದ ಕೋರ್ಸಿಗೆ ಜಿಮ್ಯಾಟ್ ಅಂಕ ನಡೆಯುತ್ತದೆ. ಬೊಮ್ಮನಹಳ್ಳಿಯಿಂದ ಅದು ಆಟೋದಲ್ಲಿ ಹೋಗುವಷ್ಟು ಹತ್ತಿರ. ಹಾಗಾಗಿಯೇ ಹೊಂಗಸಂದ್ರ, ಗಾರ್ವೇಭಾವಿಪಾಳ್ಯ, ರೂಪೇನ ಅಗ್ರಹಾರದ ಪಿಜಿಗಳಲ್ಲಿ ಹಗಲು ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದು ರಾತ್ರಿ ಬೀಜಗಣಿತ ತೆರೆದು ಕೂರುವ ಹುಡುಗ ಹುಡುಗಿಯರು ಸಿಗುತ್ತಾರೆ. ಅಂಥವರಿಗೆ ಶನಿವಾರ ಭಾನುವಾರ ಲೆಕ್ಕ ಹೇಳಿಕೊಡುವುದು ನನ್ನ ಕೆಲಸ.

2023ರ ನವೆಂಬರಿನಲ್ಲಿ ಈ ಪರೀಕ್ಷೆಯ ಹೊಸ ರೂಪ ಬಂತು. ರೇಖಾಗಣಿತ ಹೊರಗೆ ಹೋಯಿತು. ಡೇಟಾ ಸಫಿಷಿಯೆನ್ಸಿ ಗಣಿತದ ವಿಭಾಗದಿಂದ ಎದ್ದು ಡೇಟಾ ಇನ್‌ಸೈಟ್ಸ್ ಎಂಬ ಬೇರೆ ವಿಭಾಗಕ್ಕೆ ಹೋಗಿ ಕೂತಿತು. ಅಲ್ಲಿ 45 ನಿಮಿಷಕ್ಕೆ 20 ಪ್ರಶ್ನೆ, ಅಂದರೆ ಒಂದಕ್ಕೆ ಎರಡೂಕಾಲು ನಿಮಿಷ. 2025ರ ಆಗಸ್ಟ್‌ನಲ್ಲಿ ಶುರುವಾದ ನಮ್ಮ ಹಳದಿ ಮಾರ್ಗದ ಮೆಟ್ರೋ ಬೊಮ್ಮನಹಳ್ಳಿ ಬಿಟ್ಟು ಹೊಂಗಸಂದ್ರ ತಲುಪುವಷ್ಟು ಹೊತ್ತು. ಈ ವಿಭಾಗದಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಕೂಡ ಕೊಡುತ್ತಾರೆ. ನನ್ನನ್ನು ಕೇಳಿದರೆ ಈ ಬಗೆಯ ಪ್ರಶ್ನೆಗೆ ಅದು ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಕೈಗೆ ಸಿಕ್ಕಿದ್ದನ್ನು ಒತ್ತುತ್ತಾ ಕೂತರೆ ಎರಡೂಕಾಲು ನಿಮಿಷ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಪ್ರಶ್ನೆಯ ಚೌಕಟ್ಟು ಯಾವಾಗಲೂ ಒಂದೇ. ಮೇಲೆ ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಆಯ್ಕೆಗಳು ಐದು. ಎ ಎಂದರೆ ಮೊದಲನೆಯ ಹೇಳಿಕೆಯೊಂದೇ ಸಾಕು, ಎರಡನೆಯದೊಂದೇ ಸಾಲದು. ಬಿ ಎಂದರೆ ಎರಡನೆಯದೊಂದೇ ಸಾಕು, ಮೊದಲನೆಯದು ಸಾಲದು. ಸಿ ಎಂದರೆ ಎರಡೂ ಸೇರಿದರೆ ಸಾಕು, ಒಂದೊಂದೇ ಸಾಲದು. ಡಿ ಎಂದರೆ ಯಾವುದೊಂದೇ ಆದರೂ ಸಾಕು. ಇ ಎಂದರೆ ಎರಡೂ ಸೇರಿದರೂ ಸಾಲದು. ಈ ಐದು ಸಾಲು ಎಂದೂ ಬದಲಾಗುವುದಿಲ್ಲ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಹೋಗಬೇಕು. ಪರೀಕ್ಷೆಯ ಕೋಣೆಯಲ್ಲಿ ಕೂತು ಅವನ್ನು ಓದುವುದು ದಂಡ.

ನಮ್ಮ ಟೈಲರ್ ಲೆಕ್ಕದಲ್ಲಿ ಒಂದು ಅಂಗಿಯ ದರ ಕೇಳಿದಾಗ ಉತ್ತರ ಇ ಆಗಿತ್ತು. ಆರು ಅಂಗಿ, ಒಂಬತ್ತು ಪ್ಯಾಂಟ್ ಕೇಳಿದ ಕೂಡಲೇ ಅದು ಡಿ ಆಯಿತು. ಹೇಳಿಕೆಗಳ ಒಂದಕ್ಷರವೂ ಕದಲಿಲ್ಲ.

ಇದು ಒಳ್ಳೆಯ ಎಂಜಿನಿಯರುಗಳಿಗೂ ಕಷ್ಟವಾಗುತ್ತದೆ, ಏಕೆಂದರೆ ನಾವು ಅವರನ್ನು ಬೆಳೆಸಿರುವುದು ಬೇರೆ ರೀತಿ. ಎಸ್ಸೆಸ್ಸೆಲ್ಸಿಯಿಂದ ಪಿಯುಸಿವರೆಗೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಲೆಕ್ಕಕ್ಕೂ ಉತ್ತರ ಇದ್ದೇ ಇರುತ್ತದೆ. ಬೇಕಾದ ಅಂಕಿಗಳನ್ನೆಲ್ಲ ಕೊಟ್ಟಿರುತ್ತಾರೆ, ಬೇಡದ ಒಂದೂ ಇರುವುದಿಲ್ಲ. ಹಂತ ಹಂತಕ್ಕೂ ಅಂಕ. ಕೊನೆಗೆ ಎಕ್ಸ್ ಇಷ್ಟು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರೆ ಮನಸ್ಸಿಗೆ ಸಮಾಧಾನ. ಹೀಗೆ ವರ್ಷಗಟ್ಟಲೆ ಪಳಗಿದ ಕೈಗೆ ಒಮ್ಮೆಲೇ 'ನಿಲ್ಲು, ಬಿಡಿಸಬೇಡ, ಬಿಡಿಸಲು ಆಗುತ್ತದೆಯೇ ಅಷ್ಟು ಹೇಳು' ಎಂದರೆ ಅದು ಒಪ್ಪುವುದಿಲ್ಲ. "ಸರ್, ಉತ್ತರ ಬಂತಲ್ಲ, ಹದಿನೇಳು," ಎನ್ನುತ್ತಾರೆ. ಹದಿನೇಳನ್ನು ಯಾರಪ್ಪಾ ಕೇಳಿದರು?

ಇನ್ನೊಂದು ವಿಷಯ ನಾನು ಗಮನಿಸಿದ್ದೇನೆ. ಬೊಮ್ಮನಹಳ್ಳಿ ಸಾಫ್ಟ್‌ವೇರಿನವರ ಊರು ಮಾತ್ರವಲ್ಲ, ಹೊಸೂರು ರಸ್ತೆಯುದ್ದಕ್ಕೂ ಗಾರ್ಮೆಂಟ್ಸ್ ಕಾರ್ಖಾನೆಗಳೂ ಇವೆ. ಅಲ್ಲಿನ ಕಚೇರಿಗಳಿಂದಲೂ, ಮರ್ಚಂಡೈಸಿಂಗ್, ಪ್ಲಾನಿಂಗ್ ವಿಭಾಗಗಳಿಂದಲೂ, ಆಗೊಮ್ಮೆ ಈಗೊಮ್ಮೆ ಪಾಠಕ್ಕೆ ಬರುತ್ತಾರೆ. ಬೀಜಗಣಿತದ ಸೂತ್ರಗಳು ಅವರಿಗೆ ಅಷ್ಟೇನೂ ನೆನಪಿರುವುದಿಲ್ಲ. ಆದರೆ ಸಾಕೇ ಸಾಲದೇ ಎಂಬ ಪ್ರಶ್ನೆಯನ್ನು ಅವರು ಬೇಗ ಹಿಡಿಯುತ್ತಾರೆ. ಯಾವ ಸೈಜಿಗೆ ಎಷ್ಟು ಪೀಸ್ ಎಂಬ ವಿವರ ಪೂರ್ತಿ ಬರದೆ ಬಟ್ಟೆಗೆ ಕತ್ತರಿ ಹಾಕಿಸಬಾರದು ಎನ್ನುವುದು ಅವರ ದಿನದ ಕೆಲಸದ ಶಿಸ್ತು. ಕತ್ತರಿಸಿದ ಬಟ್ಟೆ ಮತ್ತೆ ಥಾನಾಗುವುದಿಲ್ಲ.

ಈಗ ಇನ್ನೊಂದು ಲೆಕ್ಕ, ಇದು ದರ್ಶಿನಿಯದು. ಮಸಾಲೆ ದೋಸೆ 70 ರೂಪಾಯಿ, ಖಾಲಿ ದೋಸೆ 50. ಗೆಳೆಯರ ಗುಂಪೊಂದು ಬರೀ ಈ ಎರಡನ್ನೇ ತಿಂದು 390 ರೂಪಾಯಿ ಬಿಲ್ ಕೊಟ್ಟಿತು. ಮಸಾಲೆ ದೋಸೆ ಎಷ್ಟು ತಿಂದರು? ಗೊತ್ತಿಲ್ಲದವು ಎರಡು, ಸಮೀಕರಣ ಒಂದೇ. ಹಾಗಾಗಿ ಸಾಲದು ಎಂದು ಜಾಣರು ಥಟ್ಟನೆ ಹೇಳಿಬಿಡುತ್ತಾರೆ. ಆದರೆ ದೋಸೆಯನ್ನು ಯಾರೂ ಮುಕ್ಕಾಲು, ಕಾಲು ಎಂದು ಆರ್ಡರ್ ಮಾಡುವುದಿಲ್ಲ. ಪೂರ್ಣಸಂಖ್ಯೆಗಳೇ ಆಗಬೇಕು. ಒಂದೊಂದಾಗಿ ನೋಡಿ: ಎರಡು ಮಸಾಲೆಗೆ 140, ಉಳಿದ 250ಕ್ಕೆ ಐದು ಖಾಲಿ. ಬೇರೆ ಯಾವ ಜೋಡಿಯೂ ಕೂಡುವುದಿಲ್ಲ. ಒಂದೇ ಸಮೀಕರಣ ಸಾಕಾಯಿತು. ಈಗ ಬಿಲ್ಲನ್ನು 590 ಮಾಡಿ. ಎರಡು ಮಸಾಲೆ, ಒಂಬತ್ತು ಖಾಲಿ ಆಗಬಹುದು. ಏಳು ಮಸಾಲೆ, ಎರಡು ಖಾಲಿ ಕೂಡ ಆಗಬಹುದು. ಸಾಲದು. ಬದಲಾದದ್ದು ಬರೀ 200 ರೂಪಾಯಿ.

ಗೊತ್ತಿಲ್ಲದವು ಎಷ್ಟೋ ಸಮೀಕರಣಗಳು ಅಷ್ಟು ಬೇಕು ಎಂಬ ಸೂತ್ರವನ್ನು ಕೋಚಿಂಗ್ ಪುಸ್ತಕಗಳು ಮೊದಲ ಪುಟದಲ್ಲೇ ಹೇಳುತ್ತವೆ. ಅದು ಎರಡೂ ಕಡೆಯಿಂದ ಕೈಕೊಡುತ್ತದೆ ಎಂಬುದನ್ನು ಈಗ ನೋಡಿದಿರಿ. ಟೈಲರ್ ಲೆಕ್ಕದಲ್ಲಿ ಎರಡಿದ್ದೂ ಸಾಲಲಿಲ್ಲ. ದೋಸೆಯಲ್ಲಿ ಒಂದೇ ಸಾಕಾಯಿತು. ಪರೀಕ್ಷೆಯನ್ನು ರಚಿಸುವವರು ಕಾಯುತ್ತಿರುವುದು ಆ ಸೂತ್ರ ನಂಬಿ ಬರುವವರಿಗಾಗಿಯೇ.

ಈ ಪೂರ್ಣಸಂಖ್ಯೆಯ ಆಟ ಅಮೆರಿಕದವರು ಹುಟ್ಟಿಸಿದ್ದಲ್ಲ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮ ಕರ್ನಾಟಕದಲ್ಲೇ ಇದರ ಒಂದು ಸೊಗಸಾದ ಲೆಕ್ಕವನ್ನು ಬರೆದಿಟ್ಟವರಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ, ಒಂಬತ್ತನೆಯ ಶತಮಾನದ ನಡುಭಾಗ. ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ದೊರೆಯನ್ನು ಹೊಗಳುತ್ತಲೇ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದರು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅದು ಮದರಾಸಿನಲ್ಲಿ ಅಚ್ಚಾಯಿತು. 2000ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ.

ಮಹಾವೀರರ ಲೆಕ್ಕ ಇದು. ಪಾರಿವಾಳ ಮೂರು ಪಣಕ್ಕೆ, ಅಂದರೆ ಆಗಿನ ಮೂರು ನಾಣ್ಯಕ್ಕೆ, ಐದು. ಸಾರಸ ಐದು ಪಣಕ್ಕೆ ಏಳು. ಹಂಸ ಏಳು ಪಣಕ್ಕೆ ಒಂಬತ್ತು. ನವಿಲು ಒಂಬತ್ತು ಪಣಕ್ಕೆ ಮೂರು. ರಾಜಕುಮಾರನ ವಿನೋದಕ್ಕಾಗಿ ನೂರು ಪಣದಲ್ಲಿ ನೂರು ಹಕ್ಕಿ ತರಬೇಕು. ಯಾವುದು ಎಷ್ಟು? ಮುಂದೆ ಭಾಸ್ಕರಾಚಾರ್ಯರ ಬೀಜಗಣಿತದಲ್ಲೂ ಇದೇ ಹಕ್ಕಿಗಳು ಹಾರಿ ಬಂದು ಕೂರುತ್ತವೆ.

ಕಾಗದ ಇದ್ದವರು ಬರೆದುಕೊಳ್ಳಿ. ಹಕ್ಕಿಗಳನ್ನು ಹೇಳಿದ ಗುಂಪಿನ ಲೆಕ್ಕದಲ್ಲೇ ಮಾರುತ್ತಾರೆ, ಬಿಡಿಯಾಗಿ ಕೊಡುವುದಿಲ್ಲ, ನಾಲ್ಕು ಬಗೆಯವೂ ಬೇಕು ಎಂದುಕೊಳ್ಳೋಣ. ಹಕ್ಕಿಯ ಎಣಿಕೆಯದು ಒಂದು ಸಮೀಕರಣ, ಪಣದ್ದು ಇನ್ನೊಂದು. ಗೊತ್ತಿಲ್ಲದವು ನಾಲ್ಕು. ಒಂದರಿಂದ ಇನ್ನೊಂದನ್ನು ಕಳೆದರೆ, ಪಾರಿವಾಳ, ಸಾರಸ, ಹಂಸ ಈ ಮೂರರ ಗುಂಪುಗಳು ಸೇರಿ ನವಿಲಿನ ಗುಂಪುಗಳ ಮೂರರಷ್ಟು ಎಂದು ಬರುತ್ತದೆ. ಅಲ್ಲಿಂದ ತಾಳ್ಮೆಯಿಂದ ಹೋದರೆ ಸಿಗುವ ಉತ್ತರ ಒಂದಲ್ಲ, ಆರು. ಅವುಗಳಲ್ಲಿ ಒಂದು: 60 ಪಾರಿವಾಳ, 7 ಸಾರಸ, 18 ಹಂಸ, 15 ನವಿಲು. ಪಣ 36, 5, 14, 45, ಕೂಡಿದರೆ ನೂರು. ಇನ್ನೊಂದು: 20 ಪಾರಿವಾಳ, 14 ಸಾರಸ, 54 ಹಂಸ, 12 ನವಿಲು. ಇಲ್ಲೂ ನೂರಕ್ಕೆ ನೂರು.

ಈಗ ಇದನ್ನು ನಮ್ಮ ಪರೀಕ್ಷೆಯ ಚೌಕಟ್ಟಿಗೆ ತರೋಣ. ನೂರು ಪಣಕ್ಕೆ ನೂರು ಹಕ್ಕಿ ಎಂಬುದು ಮೊದಲನೆಯ ಹೇಳಿಕೆ. ತಂದ ಪಾರಿವಾಳಗಳು ಐವತ್ತಕ್ಕಿಂತ ಹೆಚ್ಚು ಎಂಬುದು ಎರಡನೆಯದು, ಇದು ನಾನು ಸೇರಿಸಿದ್ದು. ನವಿಲೆಷ್ಟು ಎಂದು ಕೇಳಿದರೆ ಮೊದಲನೆಯದೊಂದೇ ಸಾಲದು, ಏಕೆಂದರೆ ಆ ಆರು ಉತ್ತರಗಳಲ್ಲಿ ನವಿಲು ಕೆಲವೆಡೆ 12, ಕೆಲವೆಡೆ 15. ಎರಡನೆಯದೊಂದರಿಂದ ಏನೂ ತಿಳಿಯದು. ಎರಡನ್ನೂ ಕೂಡಿಸಿದರೆ 12 ನವಿಲಿನ ಉತ್ತರಗಳೆಲ್ಲ ಬಿದ್ದುಹೋಗುತ್ತವೆ. ಅವುಗಳಲ್ಲಿ ಪಾರಿವಾಳ 20 ದಾಟುವುದೇ ಇಲ್ಲ. ಉಳಿಯುವುದು 15 ನವಿಲು ಮಾತ್ರ. ಸಾಕು, ಉತ್ತರ ಸಿ. ಇವೇ ಎರಡು ಹೇಳಿಕೆ ಇಟ್ಟುಕೊಂಡು ಪಾರಿವಾಳವೆಷ್ಟು ಎಂದು ಕೇಳಿ ನೋಡಿ. 55 ಇರಬಹುದು, 60 ಇರಬಹುದು. ಸಾಲದು, ಉತ್ತರ ಇ. ಪಾರಿವಾಳದ ಬಗ್ಗೆ ಹೇಳಿದ ಮಾತು ನವಿಲನ್ನು ಹಿಡಿದುಕೊಟ್ಟು ಪಾರಿವಾಳವನ್ನೇ ಹಾರಲು ಬಿಟ್ಟಿತು. ಈ ಲೆಕ್ಕ ನನಗೆ ಬಹಳ ಇಷ್ಟ.

ಮಹಾವೀರಾಚಾರ್ಯರಿಂದ ಇನ್ನೊಂದು ಮಾತನ್ನೂ ತೆಗೆದುಕೊಳ್ಳಬಹುದು. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಹಾಗಾಗಿ ವರ್ಗಮೂಲ ಧನವೂ ಆಗಬಹುದು, ಋಣವೂ ಆಗಬಹುದು. ಋಣಸಂಖ್ಯೆ ಮಾತ್ರ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದ್ದಾರೆ. ಜಿಮ್ಯಾಟ್ ಕೂಡ ತನ್ನ ಸಂಖ್ಯೆಗಳೆಲ್ಲ ವಾಸ್ತವ ಸಂಖ್ಯೆಗಳೇ ಎಂದು ಸೂಚನೆಯಲ್ಲಿ ಬರೆಯುತ್ತದೆ. ಎಕ್ಸ್ ವರ್ಗ 49 ಎಂದರೆ ಎಕ್ಸ್ 7 ಎಂದು ಬರೆದು ಮುಂದೆ ಹೋಗುವವರು ಮೈನಸ್ 7 ಅನ್ನು ಮರೆತಿರುತ್ತಾರೆ. ಮೈನಸ್ ಮರೆತು ಕಳೆದುಕೊಳ್ಳುವ ಅಂಕಗಳೇ ಈ ವಿಭಾಗದಲ್ಲಿ ಬಹಳ.

ಅದಕ್ಕಿಂತ ಕಾಣದ ಜಾಗದಲ್ಲಿರುವುದು ಅಸಮತೆಯ ಹಳ್ಳ. ಎಕ್ಸ್, ವೈಗಿಂತ ದೊಡ್ಡದೇ? ಮೊದಲನೆಯ ಹೇಳಿಕೆ: ಎಕ್ಸ್ ಅನ್ನು ವೈಯಿಂದ ಭಾಗಿಸಿದರೆ ಒಂದಕ್ಕಿಂತ ಹೆಚ್ಚು ಬರುತ್ತದೆ. ವೈಯನ್ನು ಆಚೆ ಪಕ್ಕಕ್ಕೆ ಗುಣಿಸಿ, ಹೌದು, ದೊಡ್ಡದು ಎಂದುಬಿಡುತ್ತಾರೆ. ಎಕ್ಸ್ ಮೈನಸ್ 6, ವೈ ಮೈನಸ್ 3 ಎಂದು ಇಟ್ಟು ನೋಡಿ. ಭಾಗಿಸಿದರೆ 2, ಒಂದಕ್ಕಿಂತ ಹೆಚ್ಚೇ. ಆದರೆ ಎಕ್ಸ್ ಚಿಕ್ಕದು. ವೈಯ ಚಿಹ್ನೆ ತಿಳಿಯದೆ ಅದರಿಂದ ಗುಣಿಸುವ ಹಕ್ಕು ನಮಗಿಲ್ಲ. ಎರಡನೆಯ ಹೇಳಿಕೆ ವೈ ಸೊನ್ನೆಗಿಂತ ಹೆಚ್ಚು ಎಂದಿದ್ದರೆ ಆಗ ಎರಡೂ ಸೇರಿ ಸಾಕು.

ಹೌದು ಅಲ್ಲ ಎಂದು ಉತ್ತರಿಸುವ ಪ್ರಶ್ನೆಗಳಲ್ಲಿ ಇನ್ನೊಂದು ತೊಡಕಿದೆ. ಎಕ್ಸ್ ಧನಸಂಖ್ಯೆಯೇ ಎಂದು ಕೇಳುತ್ತಾರೆ. ಎಕ್ಸ್ ಘನ ಮೈನಸ್ 8 ಎಂಬುದು ಮೊದಲನೆಯ ಹೇಳಿಕೆ. ಎಕ್ಸ್ ಮೈನಸ್ 2 ಎಂದು ತಿಳಿಯಿತು, ಅಂದರೆ ಧನವಲ್ಲ. ಉತ್ತರ 'ಅಲ್ಲ' ಎಂದು ಬಂದುದರಿಂದ ಹೇಳಿಕೆ ಸಾಲದು ಎಂದು ಗುರುತು ಹಾಕುತ್ತಾರೆ. ಖಚಿತವಾದ ಅಲ್ಲವೂ ಖಚಿತವಾದ ಉತ್ತರವೇ. ಎಕ್ಸ್ ವರ್ಗ 4 ಎಂಬ ಎರಡನೆಯ ಹೇಳಿಕೆ ಮಾತ್ರ ಒಮ್ಮೆ ಹೌದು, ಒಮ್ಮೆ ಅಲ್ಲ ಎನ್ನುತ್ತದೆ. ಸಾಲದು ಎಂದರೆ ಅದು. ಇಲ್ಲಿ ಉತ್ತರ ಎ. ವ್ಯಾಪಾರ ಕುದುರದಿದ್ದರೂ ಕುದುರುವುದಿಲ್ಲ ಎಂದು ತಿಳಿದರೆ ಮನೆಗೆ ಹೋಗಬಹುದಲ್ಲ.

ಹಾಗಾದರೆ ಅಭ್ಯಾಸ ಹೇಗೆ ಮಾಡಬೇಕು ಎಂದು ಕೇಳುತ್ತೀರಿ. ಹೇಳಿಕೆಗಳ ಕಡೆ ಕಣ್ಣು ಹಾಯಿಸುವ ಮೊದಲು ಪ್ರಶ್ನೆಯನ್ನು ಸರಳ ಮಾಡಿ ಕಾಗದದ ಮೇಲೆ ಬರೆಯಿರಿ. ಎಕ್ಸ್ ಬೇಕೇ, ಎಕ್ಸ್ ಪ್ಲಸ್ ವೈ ಬೇಕೇ, ಚಿಹ್ನೆ ಮಾತ್ರ ಬೇಕೇ? ಪೂರ್ಣಾಂಕ ಎಂದಿದ್ದಾರೆಯೇ, ಸೊನ್ನೆಯಲ್ಲ ಎಂದಿದ್ದಾರೆಯೇ? ಕೊಟ್ಟ ಸಮಯದ ಮೂರರಲ್ಲೊಂದು ಭಾಗ ಇಲ್ಲಿ ಖರ್ಚಾದರೂ ನಷ್ಟವಿಲ್ಲ. ಆಮೇಲೆ ಮೊದಲನೆಯ ಹೇಳಿಕೆ. ಅದು ಸಾಕಾದರೆ ಉತ್ತರ ಎ ಅಥವಾ ಡಿ, ಸಾಲದಿದ್ದರೆ ಬಿ, ಸಿ, ಇ. ಎರಡನೆಯದನ್ನು ನೋಡುವಾಗ ಮೊದಲನೆಯದರ ಮೇಲೆ ಅಂಗೈ ಮುಚ್ಚಿ, ಪರದೆಯಾದರೆ ಮನಸ್ಸಿನಲ್ಲೇ ಮುಚ್ಚಿ. ಮೊದಲು ಓದಿದ್ದು ಗೊತ್ತಿಲ್ಲದಂತೆ ಎರಡನೆಯದರೊಳಕ್ಕೆ ಸೋರಿಬಿಡುತ್ತದೆ, ಆಗ ಸಾಲದ್ದೂ ಸಾಕೆನಿಸುತ್ತದೆ. ಒಂದೊಂದೇ ಸಾಲದು ಎಂದು ಖಾತ್ರಿಯಾದ ಮೇಲಷ್ಟೇ ಎರಡನ್ನೂ ಕೂಡಿಸಬೇಕು. ಸಂಶಯ ಬಂದಾಗ ಬರೀ ಐದು, ಹತ್ತು ಎಂಬ ಸಾಧು ಸಂಖ್ಯೆಗಳನ್ನು ಇಟ್ಟು ನೋಡಬೇಡಿ. ಸೊನ್ನೆ, ಒಂದು, ಅರ್ಧ, ಮೈನಸ್ ಎರಡು, ಇವನ್ನು ಹಾಕಿ. ಜಗಳಗಂಟ ಸಂಖ್ಯೆಗಳೇ ಸತ್ಯ ಹೇಳುವುದು.

ಪರೀಕ್ಷೆಯವರ ಒಂದು ಪ್ರಾಮಾಣಿಕತೆಯನ್ನೂ ಹೇಳಬೇಕು. ಎರಡು ಹೇಳಿಕೆಗಳೂ ನಿಜವೇ, ಒಂದಕ್ಕೊಂದು ಎಂದೂ ವಿರುದ್ಧ ಇರುವುದಿಲ್ಲ. ಮೊದಲನೆಯದರಿಂದ ಎಕ್ಸ್ 5 ಎಂದೂ ಎರಡನೆಯದರಿಂದ ಮೈನಸ್ 3 ಎಂದೂ ಬಂದರೆ ಎಡವಿದ್ದು ನೀವೇ. ಹಿಂದಕ್ಕೆ ಹೋಗಿ. ಹೊಸ ರೂಪದಲ್ಲಿ ಪ್ರತಿ ವಿಭಾಗದ ಕೊನೆಗೆ, ಸಮಯ ಉಳಿದಿದ್ದರೆ, ಮೂರು ಉತ್ತರಗಳವರೆಗೆ ತಿದ್ದಿಕೊಳ್ಳಲು ಬಿಡುತ್ತಾರೆ. ಇಂಥ ಸಂಶಯದವನ್ನು ಗುರುತು ಹಾಕಿಟ್ಟುಕೊಳ್ಳಿ.

ಈ ಪರೀಕ್ಷೆ ಬರೆಯಲು ಹಣವೂ ಬೇಕು, ಇಂಗ್ಲಿಷೂ ಬೇಕು; ಕೇಳುತ್ತಿರುವ ನಿಮ್ಮಲ್ಲಿ ಹೆಚ್ಚಿನವರ ಮಕ್ಕಳು ಇದನ್ನು ಬರೆಯದೆಯೂ ಇರಬಹುದು. ಆದರೆ ಈ ಬಗೆಯ ಲೆಕ್ಕಕ್ಕೆ ಎರಡೂ ಬೇಕಿಲ್ಲ. ಆದ್ದರಿಂದ ನಮ್ಮ ಹೈಸ್ಕೂಲುಗಳ ಗಣಿತದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ಸಮೀಕರಣಗಳ ಪಾಠ ಮುಗಿದ ಮೇಲೆ, ಕಿರುಪರೀಕ್ಷೆಯ ಒಂದು ಲೆಕ್ಕದಲ್ಲಿ ಬೇಕಾದ ಒಂದು ಅಂಕಿಯನ್ನು ಬೇಕೆಂದೇ ಅಳಿಸಿ ಕೊಡಿ. ಯಾವ ವಿದ್ಯಾರ್ಥಿ 'ಇಷ್ಟು ಮಾಹಿತಿ ಸಾಲದು' ಎಂದು ಬರೆದು, ಏಕೆ ಸಾಲದು ಎಂಬುದಕ್ಕೆ ಎರಡು ಬೇರೆ ಬೇರೆ ಉತ್ತರ ತೋರಿಸುತ್ತಾನೋ, ತೋರಿಸುತ್ತಾಳೋ, ಅವರಿಗೆ ಪೂರ್ತಿ ಅಂಕ ಕೊಡಿ.